ಟಕ್ಸ್ ಹಾಕಿದ ಹಾಯಿ

"...ಅಯ್ಯ, ನಿಮಗ ಗೊತ್ತ ಇಲ್ಲೇನ್ರಿ ಕಾಕು? ಮೃಣಾಲಿನಿ ಒಬ್ಬಾಕಿನ ದೋಣಿ ತಗೊಂಡು ಸಮುದ್ರದಾಗ ಹೊಂಟಾಳ್ರಿ! ಬೇಲೆಕೇರಿಯಿಂದ ಕಾರವಾರ ಬಂದರದ ತನಕ. ಮೋಟಾರಿಲ್ಲ, ಜೋಡಿಗೆ ಒಂದು ನರಪಿಳ್ಳಿ ಇಲ್ಲ. ಬರೇ ಹಾಯಿ!"

ಶ್ವೇತಾ ಇದನ್ನು ಹೇಳಿದ್ದು ಬ್ಲೌಸಿನ ಅಳತೆ ಕೊಡಲು ಎರಡೂ ಕೈ ಅಗಲಿಸಿಕೊಂಡು ನಿಂತಿದ್ದಾಗ. ಅಳತೆಪಟ್ಟಿ ಹಿಡಿದಿದ್ದ ಪದ್ಮಾಬಾಯಿಯ ಕೈ ಅವಳ ಬೆನ್ನ ಮೇಲೆಯೇ ನಿಂತುಬಿಟ್ಟಿತು. ಮೇಜಿನ ಕೆಳಗೆ ಕೂತು ಅಯಸ್ಕಾಂತ ಹಿಡಿದು ಉದುರಿದ ಗುಂಡುಪಿನ್ನು ಆರಿಸುತ್ತಿದ್ದ ಮೃಣಾಲಿನಿ ಗೆಳತಿಯ ಕಾಲನ್ನು ಜೋರಾಗಿ ಚಿವುಟಿದಳು. ಏನು ಪ್ರಯೋಜನ? ಶ್ವೇತಾಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಒಂದನೇ ಕ್ಲಾಸಿನಿಂದ ಗೊತ್ತಿದ್ದೂ ನಿನ್ನೆ ಬಸ್ಸಿಳಿದ ಕೂಡಲೇ ಎಲ್ಲ ಸುರಿದದ್ದು ತನ್ನದೇ ತಪ್ಪು.

"ಹೊರಗ ಬಾ," ಅಂದಳು ಪದ್ಮಾಬಾಯಿ, ಮಗಳ ಕಡೆ ನೋಡದೆ.

"ಟಾಚಣಿ ಆರಸಾಕತ್ತೇನಿ ಆಯಿ."

"ಟಾಚಣಿ ಎಲ್ಲೂ ಹೋಗೂದಿಲ್ಲ. ನೀನ ಎಲ್ಲೆರ ಹೋಗೂಹಂಗ ಕಾಣ್ತಿ. ಬಾ ಹೊರಗ."

ಮೃಣಾಲಿನಿ ಹೊರಗೆ ಬಂದಳು. ಹೊಸ್ತಿಲ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಿದ್ದ ಕುಲ್ಸುಮಬಿ ಕೂಡ ಸೂಜಿ ಕೆಳಗಿಟ್ಟಳು. ಇಂಥ ಸುದ್ದಿ ಇರುವಾಗ ಹುಕ್ಕು ಹಚ್ಚಿದರೆ ವಾರೆಯಾದೀತು ಅಂತ ಅವಳ ಲೆಕ್ಕ.

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಮೃಣಾಲಿನಿ ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕಡಲಿನ ಜೀವಿಗಳ ಓದು. ರಾಣೆಬೆನ್ನೂರಿನ ಓಣಿಯವರ ಬಾಯಲ್ಲಿ ಅದು 'ಮೀನಿನ ಕ್ಲಾಸು'. ಕ್ಲಾಸು ಮುಗಿದ ಮೇಲೆ ದಿನಾ ಸಂಜೆ ರುದ್ರಮುನಿ ಸರ್ ಅವರ ದೋಣಿ ಕ್ಲಬ್ಬಿಗೆ ಹೋಗಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದಳು. ರುದ್ರಮುನಿ ಹಾವೇರಿಯವರೇ. ಮೂವತ್ತು ವರ್ಷ ನೌಕಾಪಡೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಊರಿಗೆ ಬರದೆ ಕಡಲ ದಂಡೆಯಲ್ಲೇ ಉಳಿದವರು. ಅಷ್ಟು ವರ್ಷ ಹಡಗಿನಲ್ಲಿದ್ದರೂ ಅವರ ಮಾತು ಮಾತ್ರ ಹಾವೇರಿ ಸಂತೆ ಬಿಟ್ಟು ಕದಲಿರಲಿಲ್ಲ. ಅವರ ಬಳಿ ಇದ್ದದ್ದು ಎಂಟು ಸಣ್ಣ ದೋಣಿ. ಎಂಟರ ಹಾಯಿಯೂ ಹಳೆಯ ದುಪ್ಪಟಿಯ ಹಾಗೆ ಪಿಸಿದು ಹೋಗಿದ್ದವು. ಹೊಸವನ್ನು ಮುಂಬೈಯಿಂದ ತರಿಸಬೇಕು ಅಂತ ಅವರು ಮಾತೆತ್ತಿದ ದಿನ ಮೃಣಾಲಿನಿ ತಡೆಯಲಾರದೆ ಅಂದುಬಿಟ್ಟಿದ್ದಳು: "ಮುಂಬೈ ಎದಕ್ರಿ ಸರ್? ನಮ್ಮ ಬಾಬಾ ಹೊಲೀತಾರ!"

ಆ ಮಾತು ಬರೀ ಹುರುಪಿಗೆ ಆಡಿದ್ದಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ರಾಶಿ ಮುಚ್ಚುವ ತಾಡಪತ್ರಿ ಹೊಲಿದುಕೊಡುವುದು ಅವಳ ತಂದೆ ಕೃಷ್ಣಾಜಿಯ ಕಸುಬು. ಅಂಗಡಿಯಲ್ಲಿ ಎರಡು ಮಷೀನು. ಬಾಗಿಲ ಬಳಿಯ ಸಣ್ಣದು ಪದ್ಮಾಬಾಯಿಯದು, ಬ್ಲೌಸಿಗೆ. ಹಿಂದಿನ ಗೋಡೆಯ ಬಳಿ ಇರುವ ದೊಡ್ಡದು ಕೃಷ್ಣಾಜಿಯದು, ದಪ್ಪ ಕ್ಯಾನ್ವಾಸಿಗೆ. ಈಗ ಬ್ಯಾಡಗಿಯ ತುಂಬ ನೀಲಿ ಪ್ಲಾಸ್ಟಿಕ್ ಹಾಳೆ ಬಂದಿತ್ತು. ಹೊಲಿಗೆ ಬೇಡ, ಹೊಲಿಯುವವನೂ ಬೇಡ. ಅಂಗಡಿಯಲ್ಲಿ ಕತ್ತರಿಸಿಕೊಂಡು ಹೋಗಿ ಹಾಸಿದರೆ ಮುಗಿಯಿತು. ದೊಡ್ಡ ಮಷೀನು ವಾರಕ್ಕೆ ಎರಡು ದಿನ ಓಡಿದರೆ ಹೆಚ್ಚು. ಯುಗಾದಿಗೆ ಅದನ್ನು ಕೊಟ್ಟುಬಿಡುತ್ತೇನೆ ಅಂತ ಕೃಷ್ಣಾಜಿ ಎರಡು ಸಲ ಅಂದಿದ್ದ. ಅಂದಾಗಲೆಲ್ಲ ಎದ್ದು ಹೋಗಿ ಅದಕ್ಕೆ ಎಣ್ಣೆ ಬಿಟ್ಟು ಬಂದಿದ್ದ.

ಅದಕ್ಕೇ ಮೃಣಾಲಿನಿ ದೀಪಾವಳಿಗೆ ಬಂದಾಗ ಒಂದು ಹಾಯಿಯ ಅಳತೆ ತಂದುಕೊಟ್ಟಿದ್ದಳು. ಕೃಷ್ಣಾಜಿ ತೆಳುವಾದ ಒಳ್ಳೆಯ ಕ್ಯಾನ್ವಾಸು ಹುಡುಕಿ ತಂದು, ಮೂರು ದಿನ ಕೂತು, ಮುತ್ತು ಪೋಣಿಸಿದ ಹಾಗೆ ಹೊಲಿದು ಕಳಿಸಿದ್ದ. ಈಗ ಸಂಕ್ರಾಂತಿಗೆ ಅದೇ ಹಾಯಿ ಸುರುಳಿ ಸುತ್ತಿಕೊಂಡು ಬಸ್ಸಿನ ತಲೆ ಮೇಲೆ ವಾಪಸು ಬಂದಿತ್ತು. ಹಾವೇರಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು "ಹೆಣಾ ಗಿಣಾ ಅಲ್ಲಲ್ವಾ ತಂಗಿ?" ಅಂತ ಕೇಳಿ ಅದಕ್ಕೂ ಒಂದು ಟಿಕೆಟ್ಟು ಹರಿದಿದ್ದ. ಮನೆಯಲ್ಲಿ ಅವಳು 'ಸ್ವಲ್ಪ ಫಿಟಿಂಗ್ ಐತಿ' ಅಂದಿದ್ದಳು, ಅಷ್ಟೇ.

"ಖರೇ ಹೇಳು. ಏನಾಗೇತಿ?" ಅಂದಳು ಪದ್ಮಾಬಾಯಿ.

"ಹಾಯಿ ಓಡವಲ್ದು ಆಯಿ," ಅಂದಳು ಮೃಣಾಲಿನಿ. "ಗಾಳಿ ಹಿಂದಿನಿಂದ ಬಂದ್ರ ನಡೀತೈತಿ. ಎದುರಿಂದ ಬಂತಂದ್ರ ದೋಣಿ ಏಡಿ ಹಂಗ ಅಡ್ಡಡ್ಡ ಜಾರತೈತಿ. ಸರ್ ನಕ್ಕೋತ ಅಂದ್ರು, ಇದು ಮೆಣಸಿನಕಾಯಿ ಮುಚ್ಚಾಕ ಚೊಲೊ ಐತೆವಾ ಅಂತ. ನನಗ ಸಿಟ್ಟು ಬಂತು. ಇದ ಹಾಯಿ ಹಾಕ್ಕೊಂಡು ಬೇಲೆಕೇರಿಯಿಂದ ಕಾರವಾರ ಬಂದರಕ್ಕ ಒಬ್ಬಾಕಿನ ಬರ್ತೀನಿ ಅಂದುಬಿಟ್ಟೆ."

"ಅಂದುಬಿಟ್ಟಿ!"

"ಅದಕ್ಕ ಅವರು ಅಂದ್ರು, ಫೆಬ್ರುವರಿ ಎರಡನೇ ಆಯ್ತವಾರ ಬಾ. ಸಂಜಿ ಐದರೊಳಗ ಬರಬೇಕು, ಯಾರ ಹಗ್ಗಾನೂ ಹಿಡೀಬಾರ್ದು. ಬಂದ್ರ ಉಳಿದ ಏಳು ಹಾಯಿನೂ ನಿಮ್ಮ ಅಂಗಡಿಗೆ. ಆಮ್ಯಾಲೆ ಗೋವಾದ ಕ್ಲಬ್ಬಿನವರಿಗೂ ನಾನ ಹೇಳ್ತೀನಿ. ಬರಲಿಲ್ಲಂದ್ರ ಮುಂಬೈಗಿ ಬರದು ಹಾಕ್ತೀನಿ."

ಕುಲ್ಸುಮಬಿ "ಯಾ ಅಲ್ಲಾ" ಅಂತ ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. ಶ್ವೇತಾ ಇನ್ನೂ ಕೈ ಅಗಲಿಸಿಕೊಂಡೇ ನಿಂತಿದ್ದಳು. "ಕಾಕು, ಕೈ ಇಳಸಲ್ರಿ?"

ಕೃಷ್ಣಾಜಿ ಬಂದದ್ದು ಅಷ್ಟರಲ್ಲೇ. ಬ್ಯಾಡಗಿಗೆ ಹೋಗಿ ಬಂದ ದಿನ ಅವನಿಗಿಂತ ಎರಡು ಹೆಜ್ಜೆ ಮುಂದೆ ಮೆಣಸಿನಕಾಯಿಯ ಘಾಟು ಒಳಗೆ ಬರುತ್ತಿತ್ತು. ಎಲ್ಲರೂ ಸೀನಿದರು. ಸೀನಿ ಮುಗಿಯುವುದರೊಳಗೆ ಶ್ವೇತಾ ಅವನಿಗೂ ಸುದ್ದಿ ಮುಟ್ಟಿಸಿದ್ದಳು. ಮಗಳು ಒಬ್ಬಳೇ ಕಡಲಿಗೆ ಇಳಿಯುವ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ, ಅವನು ಹಿಡಿದುಕೊಂಡದ್ದು ಇನ್ನೊಂದನ್ನು.

"ನನ್ನ ಹೊಲಿಗಿ ಬಿಚ್ಚತೇನು?"

"ಹೊಲಿಗಿ ಒಂದು ಎಳಿನೂ ಬಿಚ್ಚಿಲ್ಲ ಬಾಬಾ."

"ಮತ್ತ? ನಾ ಹೊಲದಿದ್ರಾಗ ಒಂದ ಒಂದು ಸುಕ್ಕು ತೋರ್ಸು, ಮೀಸಿ ಬೋಳಸ್ತೀನಿ!"

"ಸುಕ್ಕಿಲ್ಲದ್ದ ತ್ರಾಸ ಆಗೇತಿ ಬಾಬಾ."

ಇಪ್ಪತ್ತೆರಡು ವರ್ಷ ಕೃಷ್ಣಾಜಿ ಕಲಿತದ್ದು ಒಂದೇ ವಿದ್ಯೆ: ಬಟ್ಟೆ ಎಲ್ಲೂ ಜೋಲು ಬೀಳದ ಹಾಗೆ ಎಳೆದು ಹೊಲಿಯುವುದು. ರಾಶಿಯ ಮೇಲೆ ಹಾಸಿದ ತಾಡಪತ್ರಿ ಒಂದು ಕಡೆ ಜೋತರೂ ಇಬ್ಬನಿ ಅಲ್ಲೇ ನಿಂತು, ಕೆಳಗಿಳಿದು, ಕಾಯಿಗೆ ಬಿಳಿ ಕಲೆ ಬೀಳುತ್ತದೆ. ಕಲೆ ಬಿದ್ದ ಕಾಯಿಯನ್ನು ಬ್ಯಾಡಗಿಯಲ್ಲಿ ಯಾರೂ ಮೂಸುವುದಿಲ್ಲ. ಅದೇ ಕೈ ಹಾಯಿಗೂ ಬಿದ್ದಿತ್ತು. ಬಡಿದರೆ ಡೊಳ್ಳಿನ ಹಾಗೆ ಸಪ್ಪಳ ಮಾಡಬೇಕು, ಅಷ್ಟು ಸಪಾಟು.

ಪದ್ಮಾಬಾಯಿ ಹಾಯಿಯನ್ನು ನೆಲದ ಮೇಲೆ ಬಿಚ್ಚಿ ಹಾಸಿದಳು. ಸುತ್ತ ಒಂದು ಸುತ್ತು ಬಂದಳು.

"ಇದು ಯಾರ ಮೈಮ್ಯಾಲೆ ಕುಂದ್ರಬೇಕು?" ಅಂತ ಕೇಳಿದಳು.

"ಗಾಳಿ ಮ್ಯಾಲೆ," ಅಂದಳು ಮೃಣಾಲಿನಿ.

"ಗಾಳಿ ಮೈ ಹಲಗಿ ಹಂಗ ಇರತೈತೇನು?"

"ಇಲ್ಲ. ಗಾಳಿ ತುಂಬಿದಾಗ ಕಂಬದ ಹತ್ರ ಹೊಟ್ಟಿ ಬರಬೇಕು. ಹಿಂದ ಹಿಂದ ಹೋದಂಗ ಸಪಾಟ ಆಗಬೇಕು. ಸರ್ ಹಂಗ ಅಂತಾರ."

ಪದ್ಮಾಬಾಯಿ ನಗತೊಡಗಿದಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಕೊನೆಗೆ ಸೆರಗು ಮುಚ್ಚಿಕೊಂಡು. "ಇಂವ ಟಕ್ಸ್ ಇಲ್ಲದ ಬ್ಲೌಸ್ ಹೊಲದಾನ!"

ಕುಲ್ಸುಮಬಿಯೂ ಬಗ್ಗಿ ನೋಡಿ ನಕ್ಕಳು. ಸಪಾಟಾದ ಬಟ್ಟೆಯನ್ನು ಅಂಚಿನಿಂದ ಚೂಪಾಗಿ ಮಡಿಚಿ ಹೊಲಿದರೆ ಆ ಮಡಿಕೆಯ ತುದಿಯಲ್ಲಿ ಬಟ್ಟೆ ಉಬ್ಬಿ ಮೈಯ ಆಕಾರ ತಾಳುತ್ತದೆ. ಅದೇ ಟಕ್ಸ್. ಆ ಓಣಿಯ ಯಾವ ಹೆಂಗಸಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹುಚ್ಚು ಹಿಡದೈತೇನು?" ಅಂದ ಕೃಷ್ಣಾಜಿ. "ಕ್ಯಾನ್ವಾಸಿಗಿ ಟಕ್ಸ್? ನೋಡಿದಾವ್ರು ಏನಂದಾರು? ಇದೇನು ಹೆಣ್ಮಕ್ಕಳ ಕುಬ್ಬಸ?"

"ಗಾಳಿಗಿ ಹೊಟ್ಟಿ ಐತಿ ಅಂತ ಮಗಳು ಹೇಳಾಕತ್ತಾಳ. ಹೊಟ್ಟಿ ಇದ್ದಾವ್ರಿಗಿ ಸಪಾಟ ಹೊಲದ್ರ ಎಲ್ಲಿ ಹಿಡೀತೈತಿ ನನಗ ಗೊತ್ತೈತಿ, ನಿನಗ ಗೊತ್ತಿಲ್ಲ." ಪದ್ಮಾಬಾಯಿ ಮಗಳ ಕಡೆ ತಿರುಗಿದಳು. ನಗು ನಿಂತಿತ್ತು. "ಎಷ್ಟ ತಾಸು ಈಸ್ತಿ?"

"ಮೂರು ತಾಸು ಈಸ್ತೀನಿ. ಲೈಫ್ ಜಾಕೆಟ್ ಇರತೈತಿ. ಕಣ್ಣಿಗಿ ಕಾಣೂವಷ್ಟು ದೂರ ಒಂದು ಕಾವಲು ದೋಣಿನೂ ಇರತೈತಿ."

"ನಿನ್ನ ಮ್ಯಾಲೆ ನನಗ ಅಂಜಿಕಿ ಇಲ್ಲ. ಈ ಅರಿವಿ ಮ್ಯಾಲೆ ಐತಿ. ಮೊದಲ ಇದನ್ನ ಬರೋಬ್ಬರಿ ಮಾಡೂಣು. ಹೋಗೂದು ಬಿಡೂದು ಆಮ್ಯಾಲೆ."

ಆದರೆ ಅಳತೆ ತೆಗೆದುಕೊಳ್ಳುವುದು ಹೇಗೆ? ಗಿರಾಕಿ ಅಂಗಡಿಗೆ ಬರುವ ಪೈಕಿಯಲ್ಲ. ಟೇಬಲ್ ಫ್ಯಾನು ಹಚ್ಚಿ ನೋಡಿದರು. ಹಾಯಿ ಮೂಸಿಯೂ ನೋಡಲಿಲ್ಲ. ಮಾಳಿಗೆ ಮೇಲೆ ಕಟ್ಟಿದರು. ಎದುರು ಮನೆಯ ಗೋಡೆ ಅಡ್ಡ. ಕೊನೆಗೆ ಕುಲ್ಸುಮಬಿಯೇ ಅಂದಳು, "ಗಾಳಿ ಬೇಕಂದ್ರ ದೇವರಗುಡ್ಡಕ್ಕ ಹೋಗ್ರಿ. ಅಲ್ಲಿ ಸೆರಗು ಹಿಡ್ಕೊಳ್ಳೂದ ಒಂದು ಕೆಲಸ."

ಮರುದಿನ ಬೆಳಿಗ್ಗೆ ಮೆಣಸಿನಕಾಯಿ ಚೀಲ ಹೊರುವ ಟೆಂಪೊದಲ್ಲಿ ಎರಡು ಬಿದಿರ ಗಳ, ಹಾಯಿ, ಹಗ್ಗ, ಒಂದು ಡಬ್ಬಿ ಪಿನ್ನು ಹಾಕಿಕೊಂಡು ದೇವರಗುಡ್ಡ ಹತ್ತಿದರು. ಮೈಲಾರಲಿಂಗನಿಗೆ ಕೈಮುಗಿದು, ಬಯಲಿಗೆ ಬಂದು, ಒಂದು ಗಳವನ್ನು ಕಂಬದ ಹಾಗೆ ನೆಟ್ಟು ಹಾಯಿ ಕಟ್ಟಿದರು. ಇನ್ನೊಂದನ್ನು ಅಡಿಗೆ ಬಿಗಿದು ಹಗ್ಗವನ್ನು ಕೃಷ್ಣಾಜಿಯ ಕೈಗೆ ಕೊಟ್ಟರು. ಗಾಳಿ ಬಂತು. ಹಾಯಿ ಪಟಪಟ ಬಡಿದುಕೊಂಡಿತೇ ಹೊರತು ಎಳೆಯಲಿಲ್ಲ.

"ನೋಡಿದ್ಯಾ? ಎದಿ ಮ್ಯಾಲೆ ಜಗ್ಗಾಕತ್ತೈತಿ, ಬಗಲಾಗ ಸಡಲ ಆಗೇತಿ," ಅಂದಳು ಪದ್ಮಾಬಾಯಿ. ಬಾಯಲ್ಲಿ ಆರು ಪಿನ್ನು ಕಚ್ಚಿಕೊಂಡು ಕಂಬದ ಹತ್ತಿರ ಹೋಗಿ ಕೆಳಗಿನ ಮೂಲೆಯಲ್ಲಿ ಒಂದು ಮಡಿಕೆ ಹಿಡಿದು ಪಿನ್ನು ಚುಚ್ಚಿದಳು. ಅದರ ಮೇಲೆ ಇನ್ನೊಂದು. ಗಾಳಿ ಒಮ್ಮೆ ನಿಂತು ಒಮ್ಮೆ ಬೀಸುತ್ತಿತ್ತು. ಅವಳು ಅದಕ್ಕೆ ಗದರಿಕೊಂಡಳು: "ಏ, ಸುಮ್ನ ನಿಂದ್ರ ನೋಡೂಣು! ಹೊಟ್ಟಿ ಒಳಗ ಎಳ್ಕೋಬ್ಯಾಡ. ಎಲ್ಲಾರೂ ಅಳತಿ ಕೊಡೂ ಮುಂದ ಹಿಂಗ ಮಾಡ್ತೀರಿ, ಆಮ್ಯಾಲೆ ಬಿಗಿ ಆತು ಅಂತ ಜಗಳಕ್ಕ ಬರ್ತೀರಿ."

ಅರಿಶಿನದ ಭಂಡಾರ ಮಾರುತ್ತಿದ್ದ ಮುದುಕಿ ಉಚ್ಚಂಗೆವ್ವ ತನ್ನ ಬುಟ್ಟಿ ಬಿಟ್ಟು ಎದ್ದು ಬಂದಳು. "ಯಾರದವಾ ಇದು, ಇಷ್ಟ ದೊಡ್ಡ ಅಂಗಿ?"

"ಗಾಳಿದು ಯವ್ವಾ," ಅಂದಳು ಮೃಣಾಲಿನಿ.

"ಹೊಲಿಗಿಗಿ ಹಾಕ್ಯಾನಂದ್ರ ಮದವಿ ಗೊತ್ತಾಗಿರಬೇಕು ಅಂವಂದು," ಅಂದು ಮುದುಕಿ ಹಾಯಿಯ ಮೇಲೂ ಪದ್ಮಾಬಾಯಿಯ ಮೇಲೂ ಒಂದೊಂದು ಚಿಟಿಕೆ ಭಂಡಾರ ಎರಚಿದಳು. "ಏಳು ಕೋಟಿಗೋ!"

ಐದನೆಯ ಪಿನ್ನು ಬಿದ್ದಿತ್ತು. ಪಡುವಣದಿಂದ ಒಂದು ಗಾಳಿ ಗುಡ್ಡ ಹತ್ತಿ ಬಂತು. ಹಾಯಿ ಬಡಿದುಕೊಳ್ಳುವುದನ್ನು ಪಟ್ಟನೆ ನಿಲ್ಲಿಸಿತು. ಸದ್ದೇ ಇಲ್ಲ. ಕಂಬದ ಬಳಿ ತುಂಬಿದ ಕೆನ್ನೆಯ ಹಾಗೆ ಉಬ್ಬಿ, ಹಿಂದಕ್ಕೆ ನುಣ್ಣಗೆ ಇಳಿದು ನಿಂತಿತು. ಮರುಕ್ಷಣ ಕೃಷ್ಣಾಜಿ ಹಗ್ಗದ ಜೊತೆ ಓಡುತ್ತಿದ್ದ. ಓಡುತ್ತಿದ್ದ ಅನ್ನುವುದಕ್ಕಿಂತ ಅವನನ್ನು ಓಡಿಸಲಾಗುತ್ತಿತ್ತು. ಒಂದು ಚಪ್ಪಲಿ ಹಿಂದೆ ಉಳಿಯಿತು, ಟೊಪ್ಪಿಗೆ ಇನ್ನೆಲ್ಲೋ ಹಾರಿತು.

"ಎಳ್ಯಾಕತ್ತೈತಿ!" ಅಂತ ಕೂಗಿದ ಅವನು, ನೆಲಕ್ಕೆ ಕಾಲು ಊರಿ ಹಿಂದಕ್ಕೆ ವಾಲುತ್ತ. "ಪದ್ಮಾ, ಎತ್ತಿನ ಹಂಗ ಎಳ್ಯಾಕತ್ತೈತಲೇ!"

ಆ ಸಂಜೆ ಅಂಗಡಿಯಲ್ಲಿ ಹಿಂದೆಂದೂ ಆಗದ್ದೊಂದು ಆಯಿತು. ಅವನ ಮಷೀನನ್ನು ಇವಳು, ಇವಳದನ್ನು ಅವನು ಮುಟ್ಟದೆ ಇಪ್ಪತ್ತೆರಡು ವರ್ಷ ಕಳೆದಿತ್ತು. ಕ್ಯಾನ್ವಾಸು ದೊಡ್ಡ ಮಷೀನಿಗೆ ಮಾತ್ರ ಬಗ್ಗುತ್ತದೆ; ಟಕ್ಸಿನ ತುದಿ ಚೂಪಾಗಿ ಮಾಯವಾಗುವ ಹಾಗೆ ಬಟ್ಟೆ ತಿರುಗಿಸುವುದು ಪದ್ಮಾಬಾಯಿಯ ಕೈಗೆ ಮಾತ್ರ ಗೊತ್ತು. ಅವಳು ಸ್ಟೂಲಿನ ಮೇಲೆ ಕೂತು ಬಟ್ಟೆ ಹಿಡಿದಳು, ಅವನು ಪಕ್ಕದಲ್ಲಿ ನಿಂತು ಗಾಲಿ ತಿರುಗಿಸಿದ. "ಸಾವಕಾಶ" ಅಂತ ಅವಳು, "ಕೈ ತಗಿ, ಸೂಜಿ ಬಂತು" ಅಂತ ಅವನು. ನಡುವೆ ಎರಡು ಸಲ ಜಗಳವಾಯಿತು. ಐದು ಟಕ್ಸೂ ಬಿದ್ದವು.

"ಹೋಗಿ ಬಾ," ಅಂದಳು ಪದ್ಮಾಬಾಯಿ ದಾರ ಕಚ್ಚಿ ಹರಿಯುತ್ತ. "ಇನ್ನ ನನಗ ಅಂಜಿಕಿ ಇಲ್ಲ."

ಫೆಬ್ರುವರಿಯ ಎರಡನೇ ಭಾನುವಾರ, ಬೆಳಿಗ್ಗೆ ಏಳಕ್ಕೆ, ಬೇಲೆಕೇರಿಯ ಮರಳಿನಿಂದ ಮೃಣಾಲಿನಿ ದೋಣಿ ನೂಕಿದಳು. ಹದಿಮೂರು ಅಡಿಯ ದೋಣಿ. ಮನೆಯ ಬಚ್ಚಲಿಗಿಂತ ತುಸು ಉದ್ದ. ಎಡಗೈಯಲ್ಲಿ ಚುಕ್ಕಾಣಿ, ಬಲಗೈಯಲ್ಲಿ ಹಾಯಿಯ ಹಗ್ಗ, ಬೆನ್ನಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಬೆಳಗಿನ ಗಾಳಿ ದಂಡೆಯ ಕಡೆಯಿಂದ ಬೀಸುವಂಥದು, ಕೈಹಿಡಿದು ನಡೆಸಿಕೊಂಡು ಹೋಗುವ ಹಾಗೆ ಅವಳನ್ನು ಕೊಲ್ಲಿಯಿಂದ ಹೊರಗೆ ತಂದು ಬಿಟ್ಟಿತು. ಹೊರಗೆ ಬಂದ ಮೇಲೆ ನೋಡಿದರೆ, ನೀರು. ಎಡಕ್ಕೆ ನೀರು, ಎಡಕ್ಕಿಂತ ಎಡಕ್ಕೂ ನೀರು. ಕಾವಲು ದೋಣಿ ಹಿಂದೆ ಕಡಲೆಕಾಳಿನಷ್ಟು ಕಾಣುತ್ತಿತ್ತು.

ಅವಳು ತಿರುಗಿ ತಿರುಗಿ ಹಿಂದಕ್ಕೆ ನೋಡಿದಳು. ಕ್ಲಬ್ಬಿನ ಹತ್ತಿರ ಇದ್ದಾಗ ಹಿಂದೆ ತಿರುಗಿದರೆ ರುದ್ರಮುನಿ ಸರ್ ಚಹಾ ಕುಡಿಯುತ್ತ ಬೈಯುವುದು ಕೇಳುತ್ತಿತ್ತು. ಇಲ್ಲಿ ಬೈಯಲೂ ಯಾರೂ ಇಲ್ಲ.

"ಬರ್ತೀನಿ ಅಂದುಬಿಟ್ಟೀದಿ. ಈಗ ಬಾ," ಅಂತ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. ಮೇಲೆ ಹಾರುತ್ತಿದ್ದ ಒಂದು ಕಡಲಹಕ್ಕಿ ತನಗೇ ಹೇಳಿದ್ದು ಅಂದುಕೊಂಡು ಕೆಳಗಿಳಿದು ಬಂತು. ಅದನ್ನು ನೋಡಿ ಅವಳಿಗೆ ನಗು ಬಂತು. ಹಗ್ಗವನ್ನು ಇನ್ನೊಂದು ಗೇಣು ಎಳೆದುಕೊಂಡಳು.

ಹನ್ನೊಂದಕ್ಕೆ ಗಾಳಿ ಸತ್ತಿತು. ಒಂದೂವರೆ ತಾಸು ಎಣ್ಣೆಯಂಥ ನೀರಿನ ಮೇಲೆ ಕೂತಳು. ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಬಿಸಿಲಿಗೆ ಮೂಗು ಸುಟ್ಟಿತು. ಹನ್ನೆರಡೂವರೆಗೆ ನೀರಿನ ಮೇಲೆ ಕಪ್ಪು ಗೆರೆಯೊಂದು ಮೂಡಿ ಅವಳ ಕಡೆಗೆ ಸರಿಯತೊಡಗಿತು. ಕಡಲ ಗಾಳಿ. ಅವಳು ಹೋಗಬೇಕಾದ ದಿಕ್ಕಿನಿಂದಲೇ, ನೇರ ಮುಖಕ್ಕೆ.

ಟಕ್ಸ್ ಇಲ್ಲದಾಗ ಈ ಹಾಯಿ ಸೋತಿದ್ದು ಇಂಥದೇ ಗಾಳಿಯಲ್ಲಿ. ಎದುರು ಗಾಳಿಗೆ ನೇರ ಹೋಗಲು ಯಾವ ದೋಣಿಗೂ ಆಗುವುದಿಲ್ಲ. ಹಾವಿನ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹತ್ತಬೇಕು. ಹಾಯಿ ಸರಿ ಇಲ್ಲದಿದ್ದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ: ಎಷ್ಟು ಓಡಾಡಿದರೂ ಇದ್ದಲ್ಲೇ. ಮೃಣಾಲಿನಿ ಉಸಿರು ಹಿಡಿದು ಹಗ್ಗ ಎಳೆದಳು.

ಐದೂ ಟಕ್ಸು ತುಂಬಿಕೊಂಡವು. ದೋಣಿ ಒಂದು ಮಗ್ಗುಲಿಗೆ ವಾಲಿ, ಮೂಗು ಎತ್ತಿ, ಅಲೆಯನ್ನು ಸೀಳಿತು. ಅವಳು ಇನ್ನೊಂದು ಅಂಚಿನ ಮೇಲೆ ಕೂತು ಹಿಂದಕ್ಕೆ ಬಾಗಿದಳು. ದಂಡೆಯ ಒಂದು ಬೋಳು ಬಂಡೆಗೆ ಗುರಿ ಇಟ್ಟು ನೋಡಿದಳು. ಇದು ಏಡಿಯ ಓಟವಲ್ಲ. ಬಂಡೆ ಹಿಂದಕ್ಕೆ ಹೋಗುತ್ತಿತ್ತು! ತಿರುಗಿಸಿದಳು. ಹಾಯಿ ತಲೆಯ ಮೇಲಿಂದ ಆಚೆ ಬಿದ್ದು ಮತ್ತೆ ತುಂಬಿತು. ಇನ್ನೊಂದು ಬಂಡೆ ಹಿಂದಕ್ಕೆ. ಉಪ್ಪುನೀರು ಬಾಯಿಗೆ, ಕಣ್ಣಿಗೆ, ಜಡೆಗೆ ರಾಚುತ್ತಿತ್ತು. ಅವಳು ಕೇಕೆ ಹಾಕಿದಳು. ಕೇಳಲು ಯಾರೂ ಇಲ್ಲದ ಕಡೆ ಕೇಕೆ ಹಾಕುವ ಸುಖವೇ ಬೇರೆ, ಇನ್ನೊಂದು ಹಾಕಿದಳು.

ನೌಕಾಪಡೆಯ ನೆಲೆಯ ಗಡಿ ತೋರಿಸಲು ನೀರಿನ ಮೇಲೆ ಬಿಟ್ಟ ತೇಲುಗುಂಡುಗಳನ್ನು ಸರ್ ಹೇಳಿದ ಹಾಗೆ ದೂರದಿಂದ ಬಳಸಿದಳು. ಅದಕ್ಕೆ ಒಂದು ತಾಸು ಹೆಚ್ಚು ಹಿಡಿಯಿತು. ನಾಲ್ಕಕ್ಕೆ ದೀಪಸ್ತಂಭದ ನಡುಗಡ್ಡೆ ದಾಟಿ ಬಲಕ್ಕೆ ಹೊರಳಿದಾಗ ಕಾರವಾರದ ಬಂದರು ಕಂಡಿತು.

ಬಂದರು ಅಂದರೆ ಬ್ಯಾಡಗಿಯ ಮಾರುಕಟ್ಟೆಯನ್ನು ನೀರಿನ ಮೇಲೆ ಬಿಟ್ಟ ಹಾಗೆ. ಅದಿರು ತುಂಬಲು ಲಂಗರು ಹಾಕಿದ ಹಡಗುಗಳು, ಅವುಗಳಿಗೆ ಕೆಂಪು ಮಣ್ಣು ಹೊತ್ತು ಓಡಾಡುವ ಬಾರ್ಜುಗಳು, ಅವನ್ನು ನೂಕುವ ಟಗ್ಗುಗಳು, ಮೀನು ತುಂಬಿ ಮನೆಗೆ ನುಗ್ಗುತ್ತಿದ್ದ ಮೀನುಗಾರರ ಬೋಟುಗಳು. ಎಲ್ಲರಿಗೂ ಅವಸರ, ಎಲ್ಲರದೂ ಹಾರ್ನು. ಟಗ್ಗೊಂದು ಕೂಗಿತು, ಅದಕ್ಕೆ ದಾರಿ ಬಿಡಲು ಅವಳು ಪಕ್ಕಕ್ಕೆ ಸರಿದು ಒಂದು ದೊಡ್ಡ ಹಡಗಿನ ಮಗ್ಗುಲಿಗೆ ಬಂದಳು. ಅದೇ ತಪ್ಪಾಯಿತು.

ನಾಲ್ಕು ಅಂತಸ್ತಿನ ಕಬ್ಬಿಣದ ಗೋಡೆ. ಅದರ ಮರೆಗೆ ಬಂದದ್ದೇ ಗಾಳಿ, ದೀಪ ಆರಿಸಿದ ಹಾಗೆ ಹೋಯಿತು. ದೋಣಿ ನಿಂತಿತು. ನಿಂತದ್ದಷ್ಟೇ ಅಲ್ಲ, ಇಳಿತದ ನೀರು ಅದನ್ನು ಮೆಲ್ಲಗೆ ಹಿಂದಕ್ಕೆ, ಕಡಲ ಕಡೆಗೆ ಒಯ್ಯತೊಡಗಿತು. ಕೈಗಡಿಯಾರದಲ್ಲಿ ನಾಲ್ಕು ಇಪ್ಪತ್ತೈದು.

ಕಾವಲು ದೋಣಿ ಹತ್ತಿರ ಬಂತು. ಅದರ ಮೂತಿಯಲ್ಲಿ ಅಂಕೋಲೆ ಕಡೆಯ ಒಬ್ಬ ಹಿರಿಯ ನಿಂತಿದ್ದ, ಕೈಯಲ್ಲಿ ಹಗ್ಗದ ಸುರುಳಿ.

"ಹಗ್ಗ ಒಗೀಲನೇ ತಂಗೀ? ನೀರು ಹಿಂದೆ ಎಳೀತದೆ."

ಹಗ್ಗ ಹಿಡಿದರೆ ಹತ್ತು ನಿಮಿಷದಲ್ಲಿ ದಂಡೆ. ಹಗ್ಗ ಹಿಡಿದರೆ ಮುಂಬೈಗೆ ಪತ್ರ. ಬೆಳಗಿನಿಂದ ಹಗ್ಗ ಎಳೆದೆಳೆದು ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಕೈ ತಾನಾಗಿಯೇ ಅರ್ಧ ಮೇಲೆದ್ದಿತು. ಅವಳು ಅದನ್ನು ಹಿಡಿದು ತೊಡೆಯ ಕೆಳಗೆ ಇಟ್ಟುಕೊಂಡಳು.

"ಬ್ಯಾಡ್ರಿ ಅಜ್ಜ! ಇನ್ನ ಮೂವತ್ತೈದು ನಿಮಿಷ ಐತಿ!"

"ಗಾಳಿನೇ ಇಲ್ವಲ್ಲೇ!"

"ಇರತೈತ್ರಿ. ಸಣ್ಣದರ ಇರತೈತಿ."

ಅವಳು ಹಾಯಿ ಕಡೆ ನೋಡಿದಳು. ಸಪಾಟು ಹಾಯಿಯಾಗಿದ್ದರೆ ಒಣಹಾಕಿದ ಸೀರೆಯ ಹಾಗೆ ಜೋತು ಬೀಳುತ್ತಿತ್ತು. ಇದು ಗಾಳಿ ಇಲ್ಲದೆಯೂ ತನ್ನ ಆಕಾರ ಬಿಟ್ಟ ಹಾಗೆ ಕಾಣಲಿಲ್ಲ. ಮೊಳೆಗೆ ತೂಗುಹಾಕಿದ ಬ್ಲೌಸೂ ಹಾಗೆಯೇ ಅಲ್ಲವೇ, ತೊಡುವವಳು ಇಲ್ಲದಿದ್ದರೂ ಇದ್ದ ಹಾಗೆ? ಅವಳು ಹಗ್ಗವನ್ನು ಸಡಿಲ ಬಿಟ್ಟು, ಮೆಲ್ಲಗೆ ಜರುಗಿ ದೋಣಿಯಲ್ಲಿ ಹಾಯಿ ಇದ್ದ ಮಗ್ಗುಲಿಗೇ ಕೂತಳು. ದೋಣಿ ಆ ಕಡೆ ವಾಲಿತು. ಹಾಯಿ ತನ್ನ ಭಾರಕ್ಕೆ ತಾನೇ ಹೊರಗೆ ಜೋತು ಹೊಟ್ಟೆ ಬಿಟ್ಟುಕೊಂಡಿತು. ಈಗ ಅದಕ್ಕೆ ಉಬ್ಬುವ ಕೆಲಸ ಉಳಿದಿರಲಿಲ್ಲ. ಬಂದ ಗಾಳಿಯನ್ನು ಹಿಡಿಯುವುದೊಂದೇ.

ಉಸಿರಾಡಿದರೆ ದೋಣಿ ಅಲುಗೀತು ಅಂತ ಉಸಿರನ್ನೂ ಕಡಿಮೆ ಮಾಡಿದಳು. ಹಡಗಿನ ಹಿಂಬದಿ ಬಳಸಿ ಬಂದ ಎಂಥದೋ ಚೂರು ಗಾಳಿ ಅವಳ ಹಸಿ ಕೆನ್ನೆಗೆ ತಣ್ಣಗೆ ತಾಗಿತು. ಹಾಯಿ ಅದನ್ನು ಬಿಡಲಿಲ್ಲ. ಹಡಗಿನ ಗೋಡೆಯಲ್ಲಿ ಒಂದು ತುಕ್ಕಿನ ಕಲೆ ಇತ್ತು. ಅದು ಅರ್ಧ ಗೇಣು ಹಿಂದೆ ಸರಿಯಿತು. ಮತ್ತೆ ಅರ್ಧ ಗೇಣು. ಆಮೇಲೆ ಒಂದು ಮಾರು. ಮೇಲೆ ಹಡಗಿನ ಕಟಕಟೆಗೆ ಒರಗಿ ಬೇರೆ ದೇಶದ ನಾವಿಕರು ಇಬ್ಬರು ಇದನ್ನೇ ನೋಡುತ್ತಿದ್ದರು. ಒಬ್ಬ ಸಿಗರೇಟು ಎಳೆಯುವುದನ್ನೇ ಮರೆತಿದ್ದ. ನಾಲ್ಕು ಮೂವತ್ತೆಂಟು. ನಾಲ್ಕು ನಲವತ್ತು.

ದೋಣಿ ಹಡಗಿನ ಮೂತಿ ದಾಟಿತು. ಆಚೆ ಕಾದು ಕೂತಿದ್ದ ಹಾಗೆ ಕಡಲ ಗಾಳಿ ಬಂದು ಹಾಯಿಗೆ ಬಿತ್ತು.

"ಹೋ!" ಅಂತ ಕೂಗಿದ್ದು ಅವಳೋ, ಕಾವಲು ದೋಣಿಯ ಅಜ್ಜನೋ, ಮೇಲಿನ ನಾವಿಕನೋ ಗೊತ್ತಾಗಲಿಲ್ಲ. ಈಗ ಗಾಳಿ ಬೆನ್ನ ಓರೆಗೆ. ದೋಣಿ ನೀರಿಗೆ ಅಂಟಿಕೊಂಡೇ ಇಲ್ಲ ಅನ್ನುವ ಹಾಗೆ ಹಾರಿತು. ಎರಡು ಬಾರ್ಜುಗಳ ನಡುವೆ ನುಗ್ಗಿ ಹೊರಬಿದ್ದಳು. ಮೀನಿನ ಬೋಟುಗಳ ಸಾಲಿಗೆ ಸಾಲಾಗಿ ಓಡಿದಳು. ಬೋಟಿನವರು ಸಿಳ್ಳೆ ಹಾಕಿದರು, ಹಾರ್ನು ಒತ್ತಿದರು. ಒಬ್ಬ ತಲೆಯ ಟವೆಲ್ಲು ಬಿಚ್ಚಿ ಬೀಸಿದ. ಅವಳು ಕೈ ಬೀಸಲಿಲ್ಲ. ಎರಡು ಕೈಗೂ ಕೆಲಸವಿತ್ತು. ಹಲ್ಲು ಮಾತ್ರ ಬಂದರಿನ ತುಂಬ ಕಾಣುವ ಹಾಗೆ ಬಿಟ್ಟಿದ್ದಳು.

ನಾಲ್ಕು ಐವತ್ತೊಂದಕ್ಕೆ ದೋಣಿಯ ಮೂತಿ ಜೆಟ್ಟಿಯ ಟೈರಿಗೆ ಮುತ್ತಿಟ್ಟಿತು.

ಜೆಟ್ಟಿಯ ಮೇಲೆ ರುದ್ರಮುನಿ ಸರ್ ಗಡಿಯಾರ ನೋಡುತ್ತ ನಿಂತಿದ್ದರು. "ಇನ್ನೂ ಒಂಬತ್ತು ನಿಮಿಷ ಐತಿ. ಇಷ್ಟ ಲಗೂನ ಬಂದು ಏನ್ ಮಾಡಾಕಿ ಇದ್ದಿ?" ಅಂದರು. ದನಿ ಮಾತ್ರ ಎಂದಿನ ಹಾಗೆ ಗಡಸಾಗಿರಲಿಲ್ಲ. ಬಗ್ಗಿ ಅವಳ ರಟ್ಟೆ ಹಿಡಿದು ಮೇಲೆ ಎಳೆದುಕೊಂಡರು. ಆಮೇಲೆ ಕನ್ನಡಕ ಏರಿಸಿ ಹಾಯಿಯ ಕೆಳಮೂಲೆಗೆ ಮುಖ ಇಟ್ಟು ಒಂದೊಂದೇ ಟಕ್ಸನ್ನು ಬೆರಳಿನಿಂದ ಸವರಿದರು. ಒಂದು, ಎರಡು, ಐದು.

"ಮುಂಬೈದಾವ್ರು ಪಟ್ಟಿಗಳನ್ನ ಡೊಂಕ ಕತ್ತರಿಸಿ ಹೊಟ್ಟಿ ತರ್ತಾರ. ಇದನ್ನ ಹ್ಯಾಂಗ ತಂದಾರ? ಯಾರ ಕೈ ಇದು?"

"ಟಕ್ಸ್ ನಮ್ಮ ಆಯಿದು ಸರ್. ಬ್ಲೌಸ್ ಹೊಲೀತಾಳ. ಹೊಲಿಗಿ ನಮ್ಮ ಬಾಬಾಂದು."

"ಅಳತಿ ಎಲ್ಲಿ ತಗೊಂಡ್ರು?"

"ದೇವರಗುಡ್ಡದ ಮ್ಯಾಲೆ."

ರುದ್ರಮುನಿ ಸರ್ ಅವಳನ್ನು ನೋಡಿದರು. ಹಾಯಿಯನ್ನು ನೋಡಿದರು. ಆಮೇಲೆ ಹಾವೇರಿಯ ಸಂತೆಯಲ್ಲಿ ನಗುವ ಹಾಗೆ, ಇಡೀ ಜೆಟ್ಟಿ ತಿರುಗಿ ನೋಡುವ ಹಾಗೆ ನಕ್ಕರು. "ಹಚ್ಚು ಫೋನು. ಇಬ್ರನ್ನೂ ಕರಿ. ಏಳು ದೋಣಿ, ಏಳು ನಮೂನಿ. ನಾ ಕಾಗದದ ಮ್ಯಾಲೆ ಅಳತಿ ಬರದು ಕಳಸೂದಿಲ್ಲ, ಅವರ ಬಂದು ನೋಡ್ಲಿ."

ಪ್ಲಾಸ್ಟಿಕ್ ಚೀಲದ ಮೂರು ಗಂಟು ಬಿಚ್ಚಿ ಮೃಣಾಲಿನಿ ಮೊಬೈಲು ತೆಗೆದಳು. ರಾಣೆಬೆನ್ನೂರಿನ ಅಂಗಡಿಯಲ್ಲಿ ಒಂದೇ ಸಲ ಗಂಟೆ ಹೊಡೆಯಿತು. ರಿಸೀವರಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು ಅಂತ ಕಾಣುತ್ತದೆ.

"ಆಯಿ, ಮುಟ್ಟಿದೆ!"

ಆ ಕಡೆಯಿಂದ ಪದ್ಮಾಬಾಯಿಯ ದನಿ, ಮೂಗೇರಿಸಿಕೊಂಡು, ತನ್ನ ಯಾವ ಗಿರಾಕಿಗಾದರೂ ಕೇಳುವ ಹಾಗೆಯೇ: "ಎಲ್ಲೆರ ಹಿಡೀತೇನು?"

"ಎಲ್ಲೂ ಹಿಡೀಲಿಲ್ಲ. ಫಿಟಿಂಗ್ ಬರೋಬ್ಬರಿ ಐತಿ. ಏಳೂ ನಮಗ ಬಂದಾವು ಆಯಿ, ಏಳೂ!"

ರಿಸೀವರು ಕೈಯಿಂದ ಕೈಗೆ ಹೋಯಿತು. ಹಿಂದೆ ಶ್ವೇತಾ ಕಿರುಚುತ್ತಿದ್ದಳು, ಕುಲ್ಸುಮಬಿ ಅವಳಿಗೆ ಸುಮ್ಮನಿರು ಅನ್ನುತ್ತಿದ್ದಳು. ಕೊನೆಗೆ ಕೃಷ್ಣಾಜಿ ಅಂದ: "ಸಾಹೇಬ್ರಿಗಿ ಕೇಳು, ಕ್ಯಾನ್ವಾಸ ತರಬೇಕೇನು, ಅಲ್ಲೇ ಸಿಗತೈತೇನು? ಮಷೀನಂತೂ ನಾ ಇಂದ ಬಿಚ್ಚಿ ಸಾಫ್ ಮಾಡ್ತೀನಿ. ಯಾವತ್ತ ಬರಬೇಕಂತ?"

ಮೃಣಾಲಿನಿ ಫೋನಿನ ಮೇಲೆ ಕೈ ಮುಚ್ಚಿ ಸರ್ ಕಡೆ ನೋಡಿದಳು.

"ನಾಳೆ," ಅಂದರು ರುದ್ರಮುನಿ. "ಮಧ್ಯಾಹ್ನ ಎರಡಕ್ಕ. ಗಾಳಿ ಅವಾಗ ಬರತೈತಿ."

"ನಾಳೆ ಎರಡಕ್ಕಂತ ಬಾಬಾ. ಜೆಟ್ಟಿ ಮ್ಯಾಲೆ."

"ಆರರ ಬಸ್ಸಿಗಿ ಹಾವೇರಿ, ಅಲ್ಲಿಂದ ಶಿರಸಿ ಮ್ಯಾಲೆ ಬಂದ್ರ ಆಗತೈತಿ," ಅಂದ ಕೃಷ್ಣಾಜಿ. ದೂರದಿಂದ ಪದ್ಮಾಬಾಯಿ ಕೂಗಿ ಹೇಳುವುದು ಕೇಳಿಸಿತು: "ಒಂದೂವರಿಗ ಬರ್ತೀವಿ ಅಂತ ಹೇಳು. ಅಳತಿಗಿ ಮೊದಲ ಒಂದು ಸಲ ಸಮುದ್ರ ನೋಡಬೇಕು ನಾನು."